ಮಾವನವರ ಹ್ಯಾಂಡ್‌ಬ್ರೇಕು

ತುಮಕೂರು ಪಕ್ಕದ ಅಂತರಸನಹಳ್ಳಿಯ ಒಂದು ಶೆಡ್ಡಿನಲ್ಲಿ, ಕಾಲು ಅಲುಗಾಡುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ನನ್ನ ಹಳೇ ಕಾರಿನ ಹಿಂದಿನ ಚಕ್ರ ಬಿಚ್ಚುವುದನ್ನು ನೋಡುತ್ತಿದ್ದೆ. ಮೆಕ್ಯಾನಿಕ್ ಬ್ರೇಕಿನ ಡ್ರಮ್ಮಿಗೆ ನಾಲ್ಕು ಕಡೆ ಸುತ್ತಿಗೆಯಿಂದ ತಟ್ಟಿ ಎಳೆದ. ಒಳಗಿಂದ ಕರೀ ಪುಡಿ ಉದುರಿತು, ಹಿಂದೆಯೇ ಬ್ರೇಕ್ ಆಯಿಲ್ ವಾಸನೆ ಬಂತು. ಹರಳೆಣ್ಣೆಯನ್ನು ಒಲೆಯ ಮೇಲಿಟ್ಟು ಮರೆತರೆ ಬರುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ಬೇರೆಯವರು ಮೂಗು ಮುಚ್ಚಿಕೊಳ್ಳುವಂಥ ವಾಸನೆ ಅದು. ನನಗೆ ಮಾತ್ರ ಗುಬ್ಬಿಯ ಮನೆಯಂಗಳವೂ, ಅಲ್ಲಿ ಒಂದು ಕಾಲು ಚಾಚಿ ಮಣೆಯ ಮೇಲೆ ಕೂತಿದ್ದ ನನ್ನ ಮಾವನವರೂ ಕಣ್ಣ ಮುಂದೆ ಬಂದುಬಿಟ್ಟರು. ಮಾವ ಅಂದರೆ ನನ್ನ ಗಂಡನ ತಂದೆ. ತೀರಿಕೊಂಡು ಬಹಳ ವರ್ಷವಾಯಿತು.

ಪಕ್ಕದಲ್ಲಿ ನನ್ನ ಸೊಸೆ ಚೈತ್ರ ನಿಂತಿದ್ದಳು. ಅವಳಿಗೆ ವಾಸನೆ ಗೀಸನೆ ಯಾವುದೂ ಬೇಕಿರಲಿಲ್ಲ, ಬ್ರೇಕು ಸರಿಹೋದರೆ ಸಾಕಿತ್ತು. ಯಾಕೆ ಅಂತ ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಆದರೂ ಹೇಳುತ್ತೇನೆ. ಅವಳು ಇಲ್ಲೇ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹೈವೇಯಲ್ಲಿ ಲಾರಿಗಳ ಮಧ್ಯೆ ಸ್ಕೂಟರಿನಲ್ಲಿ ಹೋಗಿ ಬರುತ್ತಾಳೆ. ಎರಡು ತಿಂಗಳ ಹಿಂದೆ ಒಂದು ದಿನ, ರೆಪ್ಪೆಯ ಮೇಲೆಲ್ಲ ಧೂಳು ಕೂತ ಮುಖದಲ್ಲಿ ಬಂದು, "ಅತ್ತೆ, ಕಾರು ನಾನ್ ತಗೊಂಡ್ ಹೋಗ್ಲಾ?" ಅಂತ ಕೇಳಿದಳು. ನನ್ನ ಮಗ, ಅಮ್ಮನ ಕಾರು, ಅಮ್ಮನೇ ಹೇಳಬೇಕು ಅಂತ ಮೆಲ್ಲಗೆ ಜಾರಿಕೊಂಡ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹಿಂದಿನ ಬ್ರೇಕ್ ಸ್ವಲ್ಪ ನೋಡಿಸಬೇಕು ಅಂದೆ. ಮುಂದಿನ ವಾರ ಹ್ಯಾಂಡ್‌ಬ್ರೇಕು ಹಿಡಿಯುತ್ತಿಲ್ಲ ಅಂದೆ. ಅದರ ಮುಂದಿನ ವಾರ ಮತ್ತೆ ಹಿಂದಿನ ಬ್ರೇಕಿಗೆ ಬಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಹೋಮ್‌ವರ್ಕ್ ಮಾಡದೆ ಬಂದವರ ಬಾಯಲ್ಲೂ ಇದಕ್ಕಿಂತ ವಾಸಿಯಾದ ನೆಪ ಕೇಳಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಭಯವಿತ್ತು. ಹುಡುಗಿ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವಳು, ಆ ಲಾರಿಗಳೋ ಯಾರಪ್ಪನ ಮಾತೂ ಕೇಳುವವಲ್ಲ. ಆದರೆ ಭಯ ಅಂತ ಬಾಯಿಬಿಟ್ಟು ಹೇಳಲು ಬಿಗುಮಾನ. ಕೊನೆಗೆ ಅವಳೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ನನ್ನನ್ನು ಹೊರಡಿಸಿಕೊಂಡು ಬಂದಿದ್ದಳು. ಇವತ್ತು ಬ್ರೇಕು ಸರಿಹೋದರೆ ನನ್ನ ನೆಪವೂ ಮುಗಿಯುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು.

ನನ್ನ ಮದುವೆಯಾದ ಹೊಸತರಲ್ಲಿ ಗುಬ್ಬಿಯ ಆ ಮನೆಯಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ನಿಮ್ಮ ಕಡೆಯೂ ಹಾಗೇ ಇತ್ತೇನೋ. ಮಾವ ರಿಟೈರ್ಡ್ ಹೆಡ್‌ಮಾಸ್ಟರು, ಕೆಟ್ಟವರೇನಲ್ಲ. ಆದರೆ ನನಗೆ ಹೇಳಬೇಕಾದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. ಕಾಫಿ ಆಗಿದ್ದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಕಂಬವನ್ನು ನೋಡಿ ಅಂದರೆ, ನಾನು ಒಳಗಿಂದ ಕಾಫಿ ತಂದು ಕಂಬದ ಬುಡದಲ್ಲಿಡುತ್ತಿದ್ದೆ. ಸಕ್ಕರೆ ಕಮ್ಮಿಯಾಗಿದ್ದರೆ ಅದೂ ಕಂಬಕ್ಕೇ ಗೊತ್ತಾಗುತ್ತಿತ್ತು. ಇನ್ನೂ ಗಹನವಾದ ವಿಷಯಗಳಿಗೆ ನಮ್ಮತ್ತೆ ಇದ್ದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಅವರೇ ಮಾತು ಸಾಗಿಸುತ್ತಿದ್ದರು.

ಮಗ ಹತ್ತು ತಿಂಗಳ ಕೂಸಾಗಿದ್ದಾಗ ನನಗೆ ಕೆಲಸ ಸಿಕ್ಕಿತು. ಸ್ಕೂಲು ಹೆಬ್ಬೂರು ದಾಟಿ ಕುಣಿಗಲ್ ರಸ್ತೆಯ ಒಂದು ಹಳ್ಳಿಯಲ್ಲಿ. ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿಂದ ಹೆಬ್ಬೂರಿಗೆ ಇನ್ನೊಂದು, ಅಲ್ಲಿಂದಾಚೆ ದೇವರೇ ಗತಿ. ನಾನು ಹೊರಡುವಾಗ ಕೂಸು ಮಲಗಿರುತ್ತಿತ್ತು, ಬರುವಾಗಲೂ ಮಲಗಿರುತ್ತಿತ್ತು. ಒಂದು ಭಾನುವಾರ ಎತ್ತಿಕೊಳ್ಳಲು ಕೈ ಚಾಚಿದರೆ, ನನ್ನನ್ನೊಮ್ಮೆ ನೋಡಿ ಮುಖ ತಿರುಗಿಸಿ ಅತ್ತೆಯ ಹೆಗಲಿಗೆ ಒರಗಿಕೊಂಡಿತು. ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದೆ. ಅವತ್ತೇ ರಾಜೀನಾಮೆ ಬರೆದು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡೆ.

ಮನೆಯಲ್ಲಿ ಕಾರಿತ್ತು. ಮಾವನವರದು, ಹಾಲಿನ ಬಣ್ಣದ್ದು, ಆಗಲೇ ಹಳೆಯದು. ಒಳರಸ್ತೆಯಲ್ಲಿ ಹೋದರೆ ಒಂದು ಗಂಟೆಯೊಳಗೆ ಸ್ಕೂಲು ಮುಟ್ಟಬಹುದಿತ್ತು. ತುಮಕೂರಿನಲ್ಲಿ ಕಳ್ಳತನದಿಂದ ಡ್ರೈವಿಂಗ್ ಕಲಿತೆ. ಕಳ್ಳತನವೇನು ಬಂತು, ಲೈಸೆನ್ಸು ಪೋಸ್ಟಿನಲ್ಲಿ ನೇರ ಮಾವನ ಕೈಗೇ ಬಂತು. ಅವರು ಅದನ್ನು ನನ್ನ ಬಸ್ ಪಾಸಿನ ಪಕ್ಕ ಇಟ್ಟಿದ್ದರು. ಕಾರು ಕೊಡುತ್ತಾರಾ ಅಂತ ಅತ್ತೆಯ ಕೈಲಿ ಕೇಳಿಸಿದೆ. ಬ್ರೇಕು ಸರಿಯಿಲ್ಲ ಅಂತ ಉತ್ತರ ಬಂತು. ಇನ್ನೊಂದು ಸಲ ಕೇಳಿಸಿದೆ, ಅದೇ ಉತ್ತರ. ಕೊಡಲು ಇಷ್ಟವಿಲ್ಲ ಅಂತ ನೇರವಾಗಿ ಹೇಳಬಾರದಾ ಅಂತ ನನಗೆ ಮೈಯೆಲ್ಲ ಉರಿಯಿತು.

ಒಂದು ಶನಿವಾರ ಮಧ್ಯಾಹ್ನ ಸ್ಕೂಲಿಂದ ಬಂದರೆ ಅಂಗಳದಲ್ಲಿ ಕಾರಿನ ಹಿಂಭಾಗ ಜಾಕಿನ ಮೇಲಿತ್ತು. ಮಂಡಿ ನೋವಿನ ಮಾವ ಮಣೆ ಹಾಕಿಕೊಂಡು ಕೂತು, ಚಕ್ರವನ್ನು ಹಿಡಿದು ನಿಲ್ಲಿಸುವ ಸವೆದ ಬ್ರೇಕ್ ಶೂ ತೆಗೆದು ಹೊಸದು ಹಾಕಿ, ಆಯಿಲ್ ಸೋರುತ್ತಿದ್ದ ಸಿಲಿಂಡರನ್ನೂ ಬದಲಾಯಿಸಿದ್ದರು. ಆ ಕಾರಿಗೆ ಬೇರೆಯವರ ಕೈ ಮುಟ್ಟಿಸುವವರಲ್ಲ ಅವರು. ಆದರೆ ಮುಂದಿನ ಕೆಲಸಕ್ಕೆ ಇನ್ನೊಬ್ಬರು ಬೇಕೇ ಬೇಕು. ಬ್ರೇಕಿನ ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿದರೆ, ಇನ್ನೊಬ್ಬರು ಚಕ್ರದ ಹತ್ತಿರ ಒಂದು ತಿರುಪು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿ ಒಳಗೆ ಹೋಗಿ ಎಲ್ಲ ಮೊದಲಿಂದ. ಯಾವಾಗಲೂ ಪೆಡಲ್ ಒತ್ತುತ್ತಿದ್ದವರು ನನ್ನ ಯಜಮಾನರು. ಅವರಿಗೆ ಹಾಸನಕ್ಕೆ ವರ್ಗವಾಗಿತ್ತು. ಅತ್ತೆ ಆ ಸೀಟಿನಲ್ಲಿ ಕೂರಲು ಸುತರಾಂ ಒಪ್ಪಲಿಲ್ಲ. ಉಳಿದವಳು ನಾನೊಬ್ಬಳೇ.

ಪದ್ಧತಿ ಬಿಡುವ ಹಾಗಿಲ್ಲವಲ್ಲ. ಅತ್ತೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಡುವೆ ನಿಂತರು. ಒತ್ತಕ್ಕೆ ಹೇಳೇ ಅಂತ ಮಾವ ಹಿಂದಿನಿಂದ ಅಂದರೆ, ಒತ್ಬೇಕಂತೆ ಕಣವ್ವ ಅಂತ ಅತ್ತೆ ನನಗೆ ಹೇಳುತ್ತಿದ್ದರು. ಒತ್ತಿದೀನಿ ಅನ್ನಿ ಅಂತ ನಾನು ಪಿಸುಗುಟ್ಟಿದರೆ, ಒತ್ತವ್ಳಂತೆ ಅಂತ ಅತ್ತೆ ಹಿಂದಕ್ಕೆ ದಾಟಿಸುತ್ತಿದ್ದರು. ಅಷ್ಟರಲ್ಲಿ ಕೂಸು ಅವರ ಸರ ಎಳೆಯುತ್ತಿತ್ತು. ಹಿಡಿದುಕೊಂಡಿರು ಅನ್ನುವ ಮಾತು ನನಗೆ ಮುಟ್ಟುವ ಹೊತ್ತಿಗೆ ನಾನು ಕಾಲು ತೆಗೆದಾಗಿರುತ್ತಿತ್ತು. ಹಿಂದೆ ಆಯಿಲ್ ಇಳಿಸಲು ಇಟ್ಟ ಬಾಟಲಿಯಲ್ಲಿ ಗುಳುಗುಳು ಸದ್ದು, ಗಾಳಿ ವಾಪಸು ಒಳಕ್ಕೆ. ಹೀಗೆ ಮೂರು ಸಲವೋ ನಾಲ್ಕು ಸಲವೋ ಆಯಿತು. ಐದನೇ ಸಲ ನಾನು ಕಾಲು ಸಡಿಲಿಸುತ್ತಿದ್ದಂತೆ ಹಿಂದಿನಿಂದ ಒಂದು ಗುಡುಗು ಬಂತು.

"ಕಾಲ್ ತೆಗೀಬೇಡ!"

ಮದುವೆಯಾದ ಮೂರು ವರ್ಷದಲ್ಲಿ ಮಾವ ನನಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅತ್ತೆ ಅವರನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕೂಸನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡರು. "ನೀವ್ ನೀವೇ ಮಾತಾಡ್ಕಳಿ. ನಾನು ಮುದ್ದೆಗೆ ಎಸರಿಟ್ಟು ಬಂದಿದೀನಿ," ಅಂತ ಒಳಗೆ ಹೋಗಿಯೇಬಿಟ್ಟರು.

ಆಮೇಲೆ ಬೇರೆ ದಾರಿ ಎಲ್ಲಿತ್ತು? ಅವರು ಒತ್ತು ಅನ್ನುವುದು, ನಾನು ಒತ್ತಿದೀನಿ ಅನ್ನುವುದು. ಬಿಡು ಅನ್ನುವುದು, ಬಿಟ್ಟೆ ಅನ್ನುವುದು. ಮೊದಮೊದಲು ನನ್ನ ದನಿ ಅವರಿಗೆ ಕೇಳಲೇ ಇಲ್ಲ, ಜೋರಾಗಿ ಹೇಳು ಅಂದರು. ಆ ಮನೆಯಲ್ಲಿ ನಾನು ಗಂಟಲು ತೆರೆದದ್ದು ಅವತ್ತೇ. ಎದುರು ಮನೆಯ ಅಜ್ಜಿ, ಮಾವ ಸೊಸೆಗೆ ಜಗಳ ಬಿತ್ತು ಅಂತ ಖುಷಿಯಿಂದ ಬಾಗಿಲಿಗೆ ಬಂದು ನಿಂತು, ಕಾಲು ನೋಯುವವರೆಗೂ ಕಾದು ನಿರಾಶೆಯಿಂದ ಒಳಗೆ ಹೋದರು.

ಹ್ಯಾಂಡ್‌ಬ್ರೇಕಿನ ಸರದಿ ಬಂದಾಗ ಮಾವ ನನ್ನನ್ನು ಹತ್ತಿರ ಕರೆದು ತೋರಿಸಿದರು. ಮಾತಾಡಲು ಕಂಬವನ್ನು ಹುಡುಕಲಿಲ್ಲ. ಮೊದಲು ಡ್ರಮ್ಮಿನೊಳಗೆ ಶೂ ಸರಿಯಾಗಿ ಕೂರಿಸಿ, ಚಕ್ರ ಲಘುವಾಗಿ ತಿರುಗುತ್ತದಾ ನೋಡಿ, ಆಮೇಲೆ ಕೇಬಲ್ ಬಿಗಿ ಮಾಡಬೇಕು. ಎಲ್ಲರೂ ಬರೀ ಕೇಬಲ್ ಎಳೆದು ಕೈ ತೊಳೆದುಕೊಳ್ಳುತ್ತಾರೆ, ಇಳಿಜಾರಿನಲ್ಲಿ ಕೈ ಕೊಡುವುದು ಅದೇ, ಅಂದರು. ಲಿವರ್ ಎಳೆದರೆ ಐದು ಸಲ ಕಟ್ ಅನ್ನಬೇಕು. ನಾನು ಎಳೆದೆ, ಅವರು ಹೊರಗಿನಿಂದ ಎಣಿಸಿದರು.

ಸಂಜೆ ಕೆರೆ ಏರಿಗೆ ಹತ್ತುವ ರಸ್ತೆಗೆ ಕಾರು ಹೊಡೆಸಿದರು. ಅರ್ಧ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ ಮಾಡು ಅಂದರು. ನನ್ನ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ಮಾವ ಬಾಗಿಲು ತೆಗೆದು ಇಳಿದರು, ಮಂಡಿ ಹಿಡಿದುಕೊಂಡು ನಿಧಾನಕ್ಕೆ ನಡೆದು ಹೋಗಿ ಕಾರಿನ ಹಿಂದೆ ನಿಂತರು. ಸರೀ ಹಿಂದೆ, ಇಳಿಜಾರಿನಲ್ಲಿ. ಕಾರು ಜಾರಿದರೆ ಆ ಮಂಡಿಯಲ್ಲಿ ಪಕ್ಕಕ್ಕೆ ಹಾರುವ ಮಾತೇ ಇರಲಿಲ್ಲ.

"ಮಾವ, ಪಕ್ಕಕ್ಕೆ ಬನ್ನಿ," ಅಂದೆ.

"ಕಾಲ್ ತೆಗಿಯಮ್ಮ," ಅಂದರು.

ತೆಗೆದೆ. ಕಾರು ಕೂದಲೆಳೆಯಷ್ಟು ಅಲುಗಿ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಪುಣ್ಯಾತ್ಮ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ನಿಂತಿದ್ದಾರೆ! ವಾಪಸು ಬಂದು ಕೂತು, ಎದುರಿನ ಗಾಜನ್ನು ನೋಡುತ್ತಾ, ಸೋಮವಾರ ಸ್ಕೂಲಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಕೇಳಿದರು. ನಾನು ಅಲ್ಲೇ ಸ್ಟೀರಿಂಗಿಗೆ ಹಣೆಯಿಟ್ಟು ಅತ್ತುಬಿಟ್ಟೆ. ಅವರು ಕೆರೆಯಲ್ಲಿ ನೀರು ಎಷ್ಟಿದೆ ಅಂತ ನೋಡುತ್ತಾ ಕೂತಿದ್ದರು. ರಾಜೀನಾಮೆಯ ಹಾಳೆಯ ಹಿಂದುಗಡೆ ಮುಂದೊಂದು ದಿನ ಒಂಬತ್ತನೇ ಕ್ಲಾಸಿನ ಟೆಸ್ಟಿಗೆ ಲೆಕ್ಕ ಬರೆದುಕೊಂಡೆ. ಆ ಕನ್ನಡಕದ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ. ಎಂಥ ಎದೆಗಾರಿಕೆ ನೋಡಿ ನಮ್ಮ ಮಾವಂದು, ಕಾರು ಮೈಮೇಲೆ ಬರುತ್ತಾ ಅಂತಲೂ ನೋಡಲಿಲ್ಲ ಅನ್ನುತ್ತಿದ್ದೆ.

ಶೆಡ್ಡಿನ ಮೆಕ್ಯಾನಿಕ್ ಈಗ ಗಾಳಿ ತೆಗೆಯಲು ಯಾರನ್ನೂ ಕರೆಯಲಿಲ್ಲ. ಒಂದು ಮೆಷಿನ್ ಸಿಕ್ಕಿಸಿ ಒಬ್ಬನೇ ಮುಗಿಸಿದ. ಹ್ಯಾಂಡ್‌ಬ್ರೇಕೂ ಆಯ್ತು ಮೇಡಂ, ಐದು ಕ್ಲಿಕ್ಕಿಗೆ ಕೂರಿಸಿದೀನಿ ಅಂದ. ಚೈತ್ರ ನನ್ನ ಮುಖ ನೋಡಿದಳು. ನನ್ನ ಹತ್ತಿರ ಇನ್ನೊಂದು ನೆಪ ಉಳಿದಿರಲಿಲ್ಲ.

ಶೆಡ್ಡಿನ ಹಿಂದೆ, ವಾಹನ ಓಡಾಡದ ಒಂದು ಏರು ದಾರಿಯಿದೆ. ಅವಳನ್ನು ಸ್ಟೀರಿಂಗಿಗೆ ಕೂರಿಸಿ ಅಲ್ಲಿಗೆ ಹೊಡೆಸಿದೆ. ಅರ್ಧದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿದೆ, ನ್ಯೂಟ್ರಲ್ ಮಾಡಲು ಹೇಳಿದೆ. ಆಮೇಲೆ ಇಳಿದು ಹೋಗಿ ಹಿಂದೆ ನಿಂತೆ. ಮೆಕ್ಯಾನಿಕ್ ದೂರದಿಂದಲೇ ಮೇಡಂ, ಅದೇನ್ ಮಾಡ್ತಿದೀರ ಅಂತ ಕೂಗಿದ. ಚೈತ್ರ ಕಿಟಕಿಯಿಂದ ತಲೆ ಹೊರಹಾಕಿ ಬೇಡ ಅತ್ತೆ ಅಂತ ಬೇಡಿಕೊಂಡಳು.

"ಕಾಲ್ ತೆಗಿಯಮ್ಮ," ಅಂದೆ.

ಅಂದದ್ದೇನೋ ಅಂದೆ. ಆ ಕ್ಷಣದಲ್ಲಿ ಕಾರಿನ ಹಿಂಭಾಗ ನನ್ನ ಕಣ್ಣಿಗೆ ಗೋಡೆಯಷ್ಟು ದೊಡ್ಡದಾಯಿತು. ಓಡಿಬಿಡೋಣ ಅನ್ನಿಸಿತು. ಓಡಿದರೆ ಹುಡುಗಿಗೆ ಇನ್ಯಾವತ್ತೂ ಧೈರ್ಯ ಬರುವುದಿಲ್ಲ. ಆ ಕಾರನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ. ನನ್ನ ಕೈ ತಾನಾಗಿ ಮೇಲೆ ಹೋಯಿತು, ಕನ್ನಡಕ ತೆಗೆಯಿತು, ಸೆರಗಿನ ಅಂಚಿನಲ್ಲಿ ಒರೆಸತೊಡಗಿತು. ಗಾಜಿನ ಮೇಲೆ ಒಂದು ಚೂರೂ ಧೂಳಿರಲಿಲ್ಲ.

ಅಯ್ಯೋ ಮಾವ, ಅಂದುಕೊಂಡೆ. ಅಷ್ಟು ಭಯ ಇಟ್ಟುಕೊಂಡು ನಿಂತಿದ್ದಿರಾ.

ಕನ್ನಡಕ ಹಾಕಿಕೊಂಡು ನೋಡಿದರೆ ಕಾರು ಅಲ್ಲೇ ಇತ್ತು. ಚೈತ್ರ ಇಳಿದು ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು, ನನ್ನದೂ.

"ಅತ್ತೆ, ನಿಮ್ಗೆ ಭಯ ಆಗ್ಲಿಲ್ವಾ?"

"ಆಯ್ತು ಕಣೇ," ಅಂದೆ. "ತುಂಬಾ ಆಯ್ತು. ಎರಡು ತಿಂಗಳಿಂದ ಆಗ್ತಾನೇ ಇದೆ. ದಿನಾ ಆಗುತ್ತೆ. ನೀನು ತಗೊಂಡ್ ಹೋಗು, ಮುಟ್ಟಿದ ಮೇಲೆ ಒಂದ್ ಫೋನ್ ಮಾಡು."

ಬಲಗಡೆಯ ಸೀಟನ್ನು ಅವಳಿಗೆ ಬಿಟ್ಟು, ಸುತ್ತಿಕೊಂಡು ಹೋಗಿ ನಾನು ಎಡಗಡೆ ಕೂತೆ.