ಯಾವ ಸೊಸಿ?

ನನ್ನ ಅವ್ವನ ಮೃತ್ಯುಪತ್ರವನ್ನು ಕೆಡಿಸಿದವನು ನಾನು. ಖೊಟ್ಟಿ ಸಹಿ ಹಾಕಲಿಲ್ಲ, ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಲಿಲ್ಲ, ಒಂದು ಸುಳ್ಳು ಮಾತನ್ನೂ ಆಡಲಿಲ್ಲ — ಆಡಿದ್ದರೆ ಯಾರಾದರೂ ಹಿಡಿಯುತ್ತಿದ್ದರೇನೋ. ಅವಳು ಹೇಳಿದ ಮಾತನ್ನೇ ಅವಳಿಗೆ ಓದಿ ಹೇಳಿದೆ. ಅದರ ಅರ್ಥವನ್ನು ಮಾತ್ರ ನನಗೆ ಬೇಕಾದ ಕಡೆ ತಿರುಗಿಸಿಕೊಂಡೆ. ಶಾಂತಾ, ಇದನ್ನು ನಿನ್ನ ಎದುರು ಕೂತು ಹೇಳಬೇಕಾಗಿತ್ತು. ಎರಡು ಸಲ ಅವಕಾಶವೂ ಸಿಕ್ಕಿತ್ತು, ಎರಡು ಸಲವೂ — ಇರಲಿ, ಅದಕ್ಕೂ ಬರುತ್ತೇನೆ. ಈಗ ನೀನಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಓದುವವರು ಬೇರೆಯವರಲ್ಲವೆ. ನೀನು ನನ್ನ ಸೋದರಮಾವನ ಮಗಳು. ತಂದೆತಾಯಿ ತೀರಿಕೊಂಡ ಮೇಲೆ ಎಂಟು ವರ್ಷದವಳಾಗಿ ನಮ್ಮ ಮನೆಗೆ ಬಂದೆ, ಅನಗವಾಡಿಯ ಆಚೆಗಿನ ಹೊಳೆದಂಡೆಯ ಊರಿಗೆ. ನಮ್ಮ ಕಡೆ ಹೆಣ್ಣುಮಗಳಿಗೆ ಅಣ್ಣನ ಮಗಳು ಹುಟ್ಟಿದಾಗಿನಿಂದಲೇ ಸೊಸಿ. ಮುಂದೆ ಮಗನಿಗೆ ತಂದುಕೊಂಡರೂ ಸೊಸಿ, ತಂದುಕೊಳ್ಳದಿದ್ದರೂ ಸೊಸಿ. ನೀನು ಅವ್ವನನ್ನು ಅತ್ತಿ ಎನ್ನುತ್ತಿದ್ದೆ, ನನ್ನನ್ನು ಮಾಮಾ ಎನ್ನುತ್ತಿದ್ದೆ. ಎಲ್ಲರೂ ನಮ್ಮಿಬ್ಬರ ಮದುವೆ ಆಗಿಹೋದ ಮಾತು ಎಂದೇ ತಿಳಿದಿದ್ದರು. ನಾನು ಬೀಳಗಿಯ ಕಾಲೇಜಿನಲ್ಲಿ ಗುಮಾಸ್ತನಾದೆ, ಸಂಬಳ ಕೈಗೆ ಬಂತು, ಮುಧೋಳದ ಸುಜಾತಾಳನ್ನು ಮೆಚ್ಚಿ ಮದುವೆಯಾದೆ. ಅವಳೂ ಅವ್ವನನ್ನು ಅತ್ತಿ ಎಂದಳು. ಹೀಗೆ ಅವ್ವನಿಗೆ ಇಬ್ಬರು ಸೊಸೆಯರಾದರು.

ಅವ್ವ ಜಗಳ ಮಾಡಲಿಲ್ಲ. ಅಕ್ಕಿಕಾಳು ಹಾಕಿ ಹರಸಿದಳು, ಹೋಳಿಗೆಯನ್ನೂ ಉಂಡಳು. ಆದರೆ ಅಂದಿನಿಂದ ನನ್ನೊಡನೆ ಮಾತಾಡುವಾಗ ಒಂದು ಅಳತೆ ಇಟ್ಟುಕೊಂಡಳು. ನಿನಗೆ ಆಮೇಲೆ ಬಂದ ಎರಡು ಸಂಬಂಧಗಳನ್ನು ನೀನೇ ಒಲ್ಲೆ ಎಂದೆ. ಯಾಕೆಂದು ನಾನು ಕೇಳಲಿಲ್ಲ — ಕೇಳಿದ್ದರೆ ಉತ್ತರ ಬಂದೀತೆಂಬ ಹೆದರಿಕೆ.

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಮನೆ ಹೋಯಿತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಪುನರ್ವಸತಿ ಕೇಂದ್ರದ ಜಾಗ ಅವ್ವನ ಹೆಸರಿಗೇ ಬಂತು. ಅಲ್ಲಿ ಎದ್ದ ಮನೆಯ ಗೋಡೆಗೆ ಎರಡು ಹೊತ್ತೂ ನೀರು ಹೊಡೆದವಳು ನೀನು. ನಾನು ರವಿವಾರ ಬಂದು, ಬಾಗಿಲಿನ ದಿಕ್ಕು ಸರಿಯಿಲ್ಲ ಎಂದು ಗೌಂಡಿಗೆ ಎರಡು ಮಾತು ಅಂದು, ಊಟ ಮಾಡಿ ಹೋಗುತ್ತಿದ್ದೆ. ಅವ್ವನ ಮೊಣಕಾಲು ಹಿಡಿದುಕೊಂಡ ಮೇಲೆ ಎಣ್ಣೆ ತಿಕ್ಕಿದವಳು, ಬಚ್ಚಲಿಗೆ ನಡೆಸಿಕೊಂಡು ಹೋದವಳು, ಹೆರಳು ಹಾಕಿದವಳು ನೀನು. ಇಷ್ಟೆಲ್ಲ ಕಣ್ಣೆದುರು ಇಟ್ಟುಕೊಂಡೂ ನಾನು ಮಾಡಿದ್ದನ್ನು ಮಾಡಿದೆ.

ಒಂದು ರವಿವಾರ ಅವ್ವ ಕಟ್ಟೆಯ ಮೇಲೆ ಕೂತು ಹೇಳಿದಳು: "ಈರಣ್ಣ, ನನ್ನ ಒಂದ್ಸಲ ಜಮಖಂಡಿಗೆ ಕರಕೊಂಡು ಹೋಗು. ನಮ್ಮ ಪರಿಹಾರದ ಕೇಸ್ ನಡಿಸಿದ್ರಲ್ಲ, ಆ ವಕೀಲರ ಕಡೆ. ಮೃತ್ಯುಪತ್ರ ಮಾಡಸಬೇಕು."

ಅವಳೇ ಮುಂದುವರಿಸಿದಳು. "ನಿನಗ ನೌಕರಿ ಐತಿ, ಬೀಳಗ್ಯಾಗ ಸ್ವಂತ ಮನಿ ಐತಿ. ಈ ಮನಿ ಸೊಸಿಗೆ ಆಗ್ಲಿ." ಆಮೇಲೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಇಲ್ಲಿ ಹೆಸರು ತಗೀಬ್ಯಾಡ. ಕೇಳಿದ್ರ ಬ್ಯಾಡ ಬ್ಯಾಡ ಅಂತ ಅಳಕೋತ ಕೂಡ್ತಾಳ. ನಾ ಹ್ವಾದ ಮ್ಯಾಲ ತಿಳೀಲಿ."

ಒಳಗೆ ರೊಟ್ಟಿ ಬಡಿಯುವ ಸದ್ದು. ಬಡಿಯುತ್ತಿದ್ದವಳು ನೀನು. ಸುಜಾತಾ ಬೀಳಗಿಯಲ್ಲಿದ್ದಳು. ಯಾವ ಸೊಸಿ ಎಂದು ನಾನು ಕೇಳಬೇಕಾಗಿರಲಿಲ್ಲ.

ಆ ವಕೀಲರ ಪರಿ ನನಗೆ ಗೊತ್ತಿತ್ತು. ಪರಿಹಾರದ ದಿನಗಳಲ್ಲಿ ಒಬ್ಬೊಬ್ಬರನ್ನೂ ಎದುರಿಗೆ ಕೂಡಿಸಿಕೊಂಡು, ಹೆಸರೇನು, ಅಪ್ಪನ ಹೆಸರೇನು, ಇವರು ನಿಮಗೆ ಏನಾಗಬೇಕು ಎಂದು ಮೂರು ಮೂರು ಸಲ ಕೇಳುತ್ತಿದ್ದರು. ಒಂದೇ ಊರಿನಲ್ಲಿ ನಾಲ್ಕು ಜನ ನೀಲವ್ವಂದಿರಿದ್ದಾಗ, ನನ್ನ ಅವ್ವ ನೀಲವ್ವನ ಕಾಗದ ಬೇರೆಯವಳಿಗೆ ಹೋಗದಂತೆ ಕಾದವರು ಅವರೇ. ಕನ್ನಡದಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿ, ಆಮೇಲೆ ಪೆನ್ನು ಕೊಡುವ ಮನುಷ್ಯ. ಅವರೆದುರು ಅವ್ವ ಸೊಸಿ ಎಂದರೆ, ಯಾವ ಸೊಸಿ ಎಂದು ಕೇಳದೆ ಬಿಡುವವರಲ್ಲ.

ಅದಕ್ಕೇ ನಾನು ನಕ್ಕು ಹೇಳಿದೆ: "ಈಗಿನ ಕಾಲದಾಗ ವಕೀಲರು ಯಾಕ ಬೇಕ ಬೇ? ಎಲ್ಲಾ ಆನ್‌ಲೈನ್ ಆಗೇತಿ. ನಾನೇ ಕಂಪ್ಯೂಟರನ್ಯಾಗ ತುಂಬಿ ತರ್ತೀನಿ. ಆ ಮೊಣಕಾಲು ತಗೊಂಡು ಬಸ್ ಹತ್ತತಿ ಏನು?"

ಅವ್ವನಿಗೆ ಮನಸ್ಸಿರಲಿಲ್ಲ. "ವಕೀಲರು ಎಲ್ಲಾ ಕೇಳಿ ಬರಕೋತಾರ. ಅದು ಕೇಳ್ತೈತೇನೋ?"

"ಎಲ್ಲಾ ಕೇಳ್ತೈತಿ," ಎಂದೆ.

ಖರೆ ಹೇಳಬೇಕೆಂದರೆ, ಅದು ಕೇಳಿತು. ಆನ್‌ಲೈನಿನ ತಪ್ಪು ಏನೂ ಇಲ್ಲ. ಮರುದಿನ ಮಧ್ಯಾಹ್ನ ಕಾಲೇಜಿನ ಆಫೀಸಿನಲ್ಲಿ ಕೂತು ಮೃತ್ಯುಪತ್ರದ ಆ ಇಂಗ್ಲಿಷ್ ಅರ್ಜಿಯನ್ನು ತುಂಬುತ್ತಿದ್ದಾಗ ಆಸ್ತಿ ಯಾರಿಗೆ, ಅವರ ಹೆಸರೇನು, ಸಂಬಂಧವೇನು ಎಂದು ಒಂದೊಂದಾಗಿ ಕೇಳಿತು. ಸಂಬಂಧದ ಪಟ್ಟಿಯಲ್ಲಿ ಸೊಸಿ ಎಂಬ ಮಾತು ಇರಲಿಲ್ಲ. ಮಗನ ಹೆಂಡತಿಗೆ ಡಾಟರ್-ಇನ್-ಲಾ ಎಂದು ಒಂದು ಸಾಲು, ಅಣ್ಣನ ಮಗಳಿಗೆ ನೀಸ್ ಎಂದು ಇನ್ನೊಂದು ಸಾಲು. ನಮ್ಮ ಭಾಷೆ ಒಂದೇ ಮಾತಿನಲ್ಲಿ ಕೂಡಿಸಿಟ್ಟಿದ್ದ ಇಬ್ಬರನ್ನು ಆ ಪಟ್ಟಿ ಬೇರೆ ಮಾಡಿತ್ತು. ಬಾಣದ ಗುರುತು ಮೊದಲು ನಿನ್ನ ಸಾಲಿನ ಮೇಲೇ ನಿಂತಿತ್ತು, ಶಾಂತಾ. ಅದನ್ನು ಅಲ್ಲಿಂದ ಎತ್ತಿ ಮೇಲಿನ ಸಾಲಿಗೆ ಒಯ್ದವನು ನಾನು.

ಯಾಕೆ? ಮನೆಯ ಆಸೆ ಅನ್ನಬಹುದು, ಇರಲಿಲ್ಲವೆಂದಲ್ಲ. ಆದರೆ ಅದಕ್ಕಿಂತ ಹೊಲಸು ಕಾರಣ ಇನ್ನೊಂದಿತ್ತು. ಅವ್ವ ನಿನ್ನ ಹೆಸರಿಗೆ ಮನೆ ಬರೆದರೆ, ನಾನು ಒಲ್ಲೆ ಎಂದವಳನ್ನು ಅವಳು ಒಪ್ಪಿಕೊಂಡಳು ಎಂದು ಊರಿಗೆಲ್ಲ ತಿಳಿಯುತ್ತಿತ್ತು. ನನ್ನ ಮದುವೆಯಲ್ಲಿ ಬಾಯಿ ಬಿಡದ ಅವ್ವ ಕಾಗದದಲ್ಲಿ ಬಾಯಿ ಬಿಡುತ್ತಿದ್ದಳು. ಅದು ನನಗೆ ತಡೆಯಲಾಗಲಿಲ್ಲ. ಸುಜಾತಾಳ ಹೆಸರು ತುಂಬಿದೆ. ಅವಳಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ತಪ್ಪನ್ನು ಅವಳ ಮೇಲೆ ಹಾಕುವ ದಾರಿಯನ್ನೂ ನಾನು ಉಳಿಸಿಕೊಂಡಿಲ್ಲ.

ಮುಂದಿನ ರವಿವಾರ ಮಗ್ಗುಲ ಮನೆಯ ಮಲ್ಲಪ್ಪ ಕಾಕಾ ಮತ್ತು ಹಿಟ್ಟಿನ ಗಿರಣಿಯವನು ಸಾಕ್ಷಿಗೆ ಬಂದರು. ಇಬ್ಬರಿಗೂ ಇಂಗ್ಲಿಷ್ ಬಾರದು — ಬಾರದವರನ್ನೇ ಕರೆದಿದ್ದೆ. "ಈ ಮನಿ ನನ್ನ ಸೊಸಿಗೆ ಸೇರಬೇಕು, ಅಂತ ಬರದೈತಿ," ಎಂದು ಗಟ್ಟಿಯಾಗಿ ಹೇಳಿದೆ. ಹಾವು ಸಾಯಬೇಕು, ಕೋಲು ಮುರಿಯಬಾರದು ಎನ್ನುವ ಜಾಣತನ. ಮಲ್ಲಪ್ಪ ಕಾಕಾ ಅಡುಗೆಮನೆಯ ಕಡೆ ನೋಡಿ, "ಛಲೋ ಆತು ಬಿಡವಾ ನೀಲವ್ವ," ಎಂದ. ಅವ್ವ ತುಂಬಿದ ಮುಖದಿಂದ, ಪರಿಹಾರದ ಕಾಲದಲ್ಲಿ ಕಲಿತ ಸಹಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಹಾಕಿದಳು. ಆಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ನನ್ನ ತಲೆ ಸವರಿದಳು. ಮಗ ದೊಡ್ಡ ಮನಸ್ಸು ಮಾಡಿದ ಎಂದುಕೊಂಡಿರಬೇಕು. ಆ ಕೈಯ ಭಾರ ಈಗಲೂ ನನ್ನ ನೆತ್ತಿಯ ಮೇಲಿದೆ.

ಎರಡು ವರ್ಷ ಬದುಕಿದಳು. ಜಮಖಂಡಿಯ ಮಾತನ್ನು ಮತ್ತೆ ಎತ್ತಲಿಲ್ಲ, ಎತ್ತುವ ಅಗತ್ಯ ಅವಳಿಗೆ ಕಾಣಲಿಲ್ಲ. ಆಮೇಲೆ ನನಗೊಂದು ಸಂಗತಿ ತಿಳಿಯಿತು. ಮೃತ್ಯುಪತ್ರವೇ ಇಲ್ಲದಿದ್ದರೂ ಕಾಯಿದೆಯ ಪ್ರಕಾರ ಮನೆ ಒಬ್ಬನೇ ಮಗನಾದ ನನಗೆ ಬರುತ್ತಿತ್ತಂತೆ. ಅಂದರೆ ನಾನು ಮಾಡಿದ ಕಾಗದ ಒಂದೇ ಒಂದು ಕೆಲಸ ಮಾಡಿತು — ಅವ್ವ ಖರೇ ಕಾಗದ ಮಾಡಿಸದಂತೆ ನೋಡಿಕೊಂಡಿತು.

ಅವ್ವನಿಗೆ ಮಣ್ಣು ಕೊಟ್ಟು ಕಾರ್ಯ ಮುಗಿದ ದಿನ ಕಾಗದ ತೆಗೆದು, ಸುಜಾತಾಳ ಹೆಸರನ್ನು ಓದಿದೆ. ಮಲ್ಲಪ್ಪ ಕಾಕಾ ನನ್ನನ್ನೇ ನೋಡಿದ. "ಅವತ್ತು ನೀ ಸೊಸಿ ಅಂದಿದ್ದೆಪಾ."

"ಹೌದು ಕಾಕಾ. ಸೊಸಿನೇ ಅಲ್ಲೇನು?"

ಅವನು ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಉಳಿದವರು ನಿನ್ನ ಕಡೆ ನೋಡಿದರು. ನೀನು ಸೆರಗು ಸರಿಮಾಡಿಕೊಂಡು ಹೇಳಿದೆ: "ಆಗ್ಲಿ ಮಾಮಾ. ಅತ್ತಿ ಹೆಂಗ ಬರಿಸ್ಯಾಳ ಹಂಗ." ಅದು ಮೊದಲನೆಯ ಅವಕಾಶ. ನಾನು ಕಾಗದವನ್ನು ಮಡಿಚಿ ಕಿಸೆಗೆ ಇಟ್ಟುಕೊಂಡೆ.

ನೀನು ಬನಹಟ್ಟಿಗೆ ಹೋದೆ. ಮುಳುಗಿದ ನಮ್ಮ ಊರಿನವರೊಬ್ಬರು ಅಲ್ಲಿ ಮಗ್ಗ ಹಾಕಿದ್ದರು. ಅವರ ಹಿತ್ತಲಿನ ಖೋಲಿಯಲ್ಲಿದ್ದುಕೊಂಡು ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದೆ. ನಾವು ಮನೆ ಮಾರಿದೆವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಿನ್ನ ಕಾಲ ಬರಲೇ ಇಲ್ಲ, ನಾನು ಬರಗೊಡಲಿಲ್ಲ.

ಎರಡನೆಯ ಅವಕಾಶ ಅಲ್ಲಿಯೇ. ನಾಲ್ಕು ವರ್ಷದ ಮೇಲೆ ಎಲ್ಲ ಹೇಳಿಬಿಡುತ್ತೇನೆಂದು ಬನಹಟ್ಟಿಯ ಬಸ್ ಹತ್ತಿದೆ. ಓಣಿ ತುಂಬ ಮಗ್ಗದ ಸದ್ದು, ಅದು ಒಳಗೆ ಬಾರದಂತೆ ನೀನು ಬಾಗಿಲು ಮುಂದೆ ಮಾಡಿ ಚಹಾ ಕೊಟ್ಟೆ. ಕೈ ಒರಟಾಗಿತ್ತು. ನಾನು ಬಾಯಿ ತೆರೆಯುವುದರೊಳಗೆ ನೀನೇ ಮಾತಾಡಿದೆ.

"ಮಾಮಾ, ಒಂದು ಮಾತು. ನಗಬ್ಯಾಡ. ಅವತ್ತು ನೀ ಮೃತ್ಯುಪತ್ರ ಓದಿದ್ದೆಲ್ಲ, ನಾ ಒಲಿ ಮುಂದ ಕೂತು ಕೇಳಿದ್ನಿ. ಸೊಸಿಗೆ ಅಂದಿದ್ದು ನನಗಽ ಅಂತ ತಿಳಕೊಂಡ್ನಿ. ಎರಡು ವರ್ಷ ಹಂಗಽ ತಿಳಕೊಂಡಿದ್ನಿ. ಎಂಥಾ ಮರುಳಿ ನೋಡು ನಾನು."

ನೀನು ನಕ್ಕೆ. ಮನೆಯ ಮಾತನ್ನೇ ಎತ್ತಲಿಲ್ಲ. ಸೆರಗಿಗೆ ಹತ್ತಿದ ನೂಲು ತೆಗೆಯುತ್ತ, "ಅತ್ತಿ ನನ್ನ ಸೊಸಿ ಅಂತ ಹಿಡಿದೇ ಇರಲಿಲ್ಲಲ್ಲ," ಎಂದೆ.

ಆಗ ತಿಳಿಯಿತು ನನಗೆ — ನಾನು ಕಸಿದುಕೊಂಡದ್ದು ಮನೆಯನ್ನಲ್ಲ. ನಾನು ಒಲ್ಲೆ ಎಂದಾಗಲೂ ನಿನಗೆ ಉಳಿದಿದ್ದ ಒಬ್ಬಳನ್ನು. ಅವ್ವನೂ ನಿನ್ನನ್ನು ಒಲ್ಲೆ ಎಂದಂತೆ ಮಾಡಿಬಿಟ್ಟಿದ್ದೆ. ಒಂದು ಮಾತು ಸಾಕಾಗಿತ್ತು. ಇಲ್ಲ ಶಾಂತಾ, ನಿನ್ನನ್ನೇ ಅಂದದ್ದು — ಇಷ್ಟೇ. ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದೆ. ನೀನು ತಿರುವಿನವರೆಗೆ ಬಂದು ಕಳಿಸಿದೆ.

ಹೋದ ತಿಂಗಳು ಮಗ್ಗದವರ ಫೋನ್ ಬಂತು. ಎದೆನೋವಂತೆ, ಆಸ್ಪತ್ರೆಗೆ ಒಯ್ಯುವುದರೊಳಗೇ ಮುಗಿದಿತ್ತಂತೆ. ನಾನು ಬನಹಟ್ಟಿ ಮುಟ್ಟಿದಾಗ ನಿನ್ನ ಮುಖಕ್ಕೆ ವಿಭೂತಿ ಹಚ್ಚಿ ಕೂಡಿಸಿದ್ದರು. ಮಣ್ಣು ಕೊಟ್ಟ ಮರುದಿನ ಮರಣ ನೋಂದಣಿಗೆಂದು ನಗರಸಭೆಗೆ ಹೋದೆ. ಕಿಟಕಿಯಲ್ಲಿದ್ದವನು ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು.

"ನೀವು ಅವರಿಗೆ ಏನಾಗಬೇಕ್ರಿ?"

"ಅತ್ತಿ ಮಗರೀ."

ಅವನು ಪೆನ್ನು ನಿಲ್ಲಿಸಿದ. "ಯಾವ ಅತ್ತಿರೀ? ಗಂಡನ ತಾಯಿನೋ, ಅಪ್ಪನ ತಂಗಿನೋ? ನಮ್ಮ ಕಡೆ ಎರಡಕ್ಕೂ ಅತ್ತಿನೇ ಅಂತಾರಲ್ರೀ. ಕೇಳಿ ಬರಕೋಬೇಕು, ಇಲ್ಲಂದ್ರ ತಪ್ಪಾಗ್ತೈತಿ."

"ಅಪ್ಪನ ತಂಗಿರೀ," ಎಂದೆ. ಅವನು ಬರೆದುಕೊಂಡ. ಜಮಖಂಡಿಯ ವಕೀಲರ ಮುಂದೆಯೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು.

ನನಗೆ ಕ್ಷಮೆ ಬೇಡ. ಕೊಡುವವರೂ ಉಳಿದಿಲ್ಲ. ನೀನು ಮರುಳಿಯಲ್ಲ ಎಂದು ನಿನ್ನ ಮುಖಕ್ಕೆ ಹೇಳಬೇಕಾದವನು ಇದನ್ನು ಕಾಗದಕ್ಕೆ ಹೇಳುತ್ತಿದ್ದೇನೆ, ಅದೂ ನೀನು ಓದಲಾರದ ಕಾಲದಲ್ಲಿ. ಅವತ್ತು ಒಲೆಯ ಮುಂದೆ ಕೂತು ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ, ಶಾಂತಾ.