ಗೋಣಿಬಸಪ್ಪ ವಕೀಲರೂ ಠಾಣೆಯ ಅಂಗಳದ ಹುರಳಿಯೂ

ಗೋಣಿಬಸಪ್ಪ ವಕೀಲರ ಕರಿ ಕೋಟಿನ ಜೇಬಿನಲ್ಲಿ ಯಾವಾಗಲೂ ಹುರಿದ ಶೇಂಗಾ ಇರುತ್ತಿತ್ತು. ಕಕ್ಷಿದಾರರು ತಮ್ಮ ಕಥೆ ಹೇಳುವಾಗ ಅವರು ಒಂದೊಂದೇ ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳುತ್ತ ಕೇಳುತ್ತಿದ್ದರು. ಎಲ್ಲಿ ಸುಳ್ಳಿನ ವಾಸನೆ ಬಡಿಯಿತೋ ಅಲ್ಲಿ ಕೈ ನಿಲ್ಲುತ್ತಿತ್ತು; ಒಡೆಯಲು ಎತ್ತಿದ ಕಾಯಿ ತಿರುಗಿ ಜೇಬು ಸೇರುತ್ತಿತ್ತು. ಹರಪನಹಳ್ಳಿ ಕೋರ್ಟಿಗೆ ಎಡತಾಕುವವರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದೆ ಹೋದವನು ನಾನು.

ನಾನು ಲಾರಿ ಡ್ರೈವರ್. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಕಡೆ ಹುರಳಿ ಕಿತ್ತ ಮೇಲೆ ಅದನ್ನು ಡಾಂಬರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳ ಗಾಲಿಯೇ ಒಕ್ಕಣೆ ಮಾಡುತ್ತದೆ. ಕಣ ಬೇಡ, ಎತ್ತು ಬೇಡ, ರೋಣಗಲ್ಲು ಬೇಡ. ನಮ್ಮ ಮನೆಯ ಹುರಳಿಯನ್ನೂ ಹಾಗೇ ಒಕ್ಕುತ್ತಿದ್ದೆವು. ಹಾಗಾಗಿ ನಾವು ಡ್ರೈವರುಗಳು ಯಾರೂ ಗೊಣಗದೆ ಅದರ ಮೇಲೆ ಹತ್ತಿಸಿಕೊಂಡು ಹೋಗುತ್ತಿದ್ದೆವು.

ಆ ದಿನ ಲೋಡು ತುಂಬಲು ಹಡಗಲಿಗೆ ಖಾಲಿ ಲಾರಿ ಹೊಡೆದುಕೊಂಡು ಹೊರಟಿದ್ದೆ. ದಾರಿಯ ಒಂದು ಹಳ್ಳಿಯ ತಿರುವಿನಲ್ಲಿ ಗೇಣೆತ್ತರ ಹುರಳಿ ಹರಡಿತ್ತು. ಅಂಚಿನಲ್ಲಿ ಹನುಮಂತಪ್ಪನೆಂಬ ರೈತ ಅದನ್ನು ತಿರುವಿಹಾಕುತ್ತ ನಿಂತಿದ್ದ. ಬ್ರೇಕು ತುಳಿದೆ. ಗಾಲಿ ನಿಂತಿತು, ಲಾರಿ ನಿಲ್ಲಲಿಲ್ಲ. ಒಣ ಬಳ್ಳಿಯ ಮೇಲೆ ಅಡ್ಡಡ್ಡ ಜಾರಿ ಅವನಿಗೆ ಬಡಿಯಿತು. ಹಿಂದೆ ಬಂದ ಟೆಂಪೋದಲ್ಲಿ ಅವನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೊರಟೆ. ದಾರಿಯಲ್ಲೇ ಹೋಗಿಬಿಟ್ಟ. ಆ ತಲೆಯ ಭಾರ ಇಂದಿಗೂ ನನ್ನ ತೊಡೆಗೆ ಗೊತ್ತು.

ಸಂಜೆ ಪೊಲೀಸರು ಬರುವಷ್ಟರಲ್ಲಿ ಊರವರು ಹೆದರಿ ರಸ್ತೆಯನ್ನು ಒಂದು ಕಾಳಿಲ್ಲದಂತೆ ಗುಡಿಸಿಬಿಟ್ಟಿದ್ದರು. ಪಂಚನಾಮೆಯಲ್ಲಿ ‘ರಸ್ತೆ ಸ್ವಚ್ಛವಾಗಿದೆ’ ಎಂದು ಬಂತು. ಸಬ್ ಇನ್ಸ್‌ಪೆಕ್ಟರು ಕಂಡದ್ದನ್ನೇ ಬರೆದರು, ಅವರನ್ನು ದೂರುವ ಹಾಗಿಲ್ಲ. ಅಜಾಗರೂಕತೆಯಿಂದ ಓಡಿಸಿ ಒಬ್ಬನ ಸಾವಿಗೆ ಕಾರಣನಾದೆನೆಂದು ನನ್ನ ಮೇಲೆ ಕೇಸಾಯಿತು. ಸಾಬೀತಾದರೆ ಜೈಲು, ಜೊತೆಗೆ ಲೈಸನ್ಸೂ ಹೋದಂತೆಯೇ. ಸ್ಟೇರಿಂಗು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಜಾಮೀನಿನ ಮೇಲೆ ಹೊರಬಂದವನೇ ವಕೀಲರ ಪಡಸಾಲೆಯಲ್ಲಿ ಕೂತೆ.

“ಇಪ್ಪತ್ತರಾಗ ಹೊಂಟಿದ್ದೆ ಸಾಹೇಬ್ರೆ” ಎಂದೆ. ಶೇಂಗಾ ಜೇಬಿಗೆ ವಾಪಸು ಹೋಯಿತು.

“ಖಾಲಿ ಲಾರಿ ಇಪ್ಪತ್ತರಾಗ ಯಾವ ಡ್ರೈವರ್ ಹೊಡಿತಾನಪ್ಪ? ಅಷ್ಟರಾಗ ನಮ್ಮ ಎತ್ತಿನ ಗಾಡಿ ಹೋಗತೈತಿ.”

“ನಲವತ್ತಿತ್ರಿ.”

“ನೋಡು ಅಂಜಿನಪ್ಪ, ಅನುಕೂಲ ಆಗೋದು ಹೇಳಬ್ಯಾಡ, ಆಗಿದ್ದು ಹೇಳು. ಅನುಕೂಲದ್ದು ಹುಡುಕೋದು ನನ್ನ ಕೆಲಸ” ಎಂದು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದರು. ಅಪಘಾತವಾದ ಮೇಲೆ ನನ್ನ ನಾಲಿಗೆಗೆ ರುಚಿ ಹತ್ತಿದ್ದು ಅವತ್ತೇ.

ಅವರದು ಹತ್ತಿರದ ಬಾಗಳಿ ಊರಿನ ಒಕ್ಕಲು ಮನೆತನ. ವಕೀಲಿ ಹಿಡಿದರೂ ಹೊಲ ಬಿಟ್ಟವರಲ್ಲ. ಕೋಟು ತೆಗೆದರೆ ಅವರು ವಕೀಲರೆಂದರೆ ಯಾರೂ ನಂಬುತ್ತಿರಲಿಲ್ಲ. ಒಮ್ಮೆ ಹೊಸ ಕಕ್ಷಿದಾರನೊಬ್ಬ ಅವರನ್ನೇ ಆಳೆಂದು ತಿಳಿದು, “ವಕೀಲ್ರು ಅದಾರೇನೋ?” ಎಂದು ಕೇಳಿದನಂತೆ. “ಎತ್ತಿಗೆ ನೀರು ಕುಡಿಸಾಕ ಹೋಗ್ಯಾರ, ಕುಂದ್ರಿ” ಎಂದವರೇ ಹೋಗಿ ಎತ್ತಿಗೆ ನೀರು ಕುಡಿಸಿ, ಕೋಟು ಹಾಕಿಕೊಂಡು ಬಂದು ಅವನ ಎದುರು ಕೂತರಂತೆ. ಆ ಮನುಷ್ಯನ ಮುಖ ಹೇಗಾಗಿತ್ತೆಂದು ಅಭಿನಯಿಸಿ ತೋರಿಸುತ್ತಿದ್ದರು.

ಇಂಥ ಮನುಷ್ಯನ ಮೇಲೂ ನನಗೆ ಒಮ್ಮೆ ಕೆಂಡದಂಥ ಸಿಟ್ಟು ಬಂತು. ಸಾಕ್ಷಿಗಳ ವಿಚಾರಣೆ ಶುರುವಾಗಿತ್ತು. ಹನುಮಂತಪ್ಪನ ಹೆಂಡತಿ ಕಟಕಟೆಗೆ ಬಂದಳು. “ರಸ್ತಿ ಮ್ಯಾಲ ಏನೂ ಇರಲಿಲ್ಲರಿ” ಎಂದಳು, ನೆಲ ನೋಡುತ್ತ. ಸುಳ್ಳೆಂದು ಗೋಡೆಗೂ ತಿಳಿಯುವಂತಿತ್ತು. ನಾಲ್ಕು ಪ್ರಶ್ನೆ ಗದರಿ ಕೇಳಿದ್ದರೆ ನಿಜ ಹೊರಗೆ ಬೀಳುತ್ತಿತ್ತು. ನಮ್ಮ ವಕೀಲರು ಎದ್ದು ನಿಂತು, “ನನ್ನ ಪ್ರಶ್ನೆ ಏನೂ ಇಲ್ಲ ಸ್ವಾಮಿ” ಎಂದು ಕೂತುಬಿಟ್ಟರು.

“ನಿಮಗ ಈ ಕೇಸು ಬ್ಯಾಡಾಗಿದ್ರ ಬಿಟ್ಟುಬಿಡ್ರಿ” ಎಂದು ಕೋರ್ಟಿನ ಜಗಲಿಯ ಮೇಲೇ ಕೂಗಾಡಿದೆ.

ಅವರು ದನಿ ಏರಿಸಲಿಲ್ಲ. “ಊರವ್ರು ಹೇಳಿಕೊಟ್ಟಾರ, ಆಕಿ ಹೇಳ್ಯಾಳ. ಗಂಡನ್ನ ಕಳಕೊಂಡಾಕಿನ್ನ ನಾನು ಅಲ್ಲಿ ಅಳಿಸಿದ್ರ ನೀನು ಗೆಲ್ಲಬಹುದು. ಆಮ್ಯಾಲ ಉಣ್ಣಾಕ ಕುಂತಾಗ ನಿನಗೂ ಅನ್ನ ಇಳಿಯಂಗಿಲ್ಲ, ನನಗೂ ಇಳಿಯಂಗಿಲ್ಲ. ಬಾ, ನಿನ್ನ ಲಾರಿ ನೋಡಿಬರೋಣ.”

ನಮ್ಮ ಮಾಲೀಕ ಲಾರಿ ಕೊಂಡಿದ್ದರೂ ಕಾಗದಪತ್ರ ಇನ್ನೂ ಹಳೇ ಮಾಲೀಕನ ಹೆಸರಿನಲ್ಲೇ ಇದ್ದುದರಿಂದ ಅದನ್ನು ಬಿಡಿಸಿಕೊಳ್ಳಲಾಗದೆ, ಅದು ಅಪಘಾತದ ದಿನದಿಂದ ಹರಪನಹಳ್ಳಿ ಠಾಣೆಯ ಅಂಗಳದಲ್ಲೇ ನಿಂತಿತ್ತು. ಅಷ್ಟರಲ್ಲಿ ಭರಣಿ, ಕೃತ್ತಿಕೆ ಮಳೆಗಳು ಬಿದ್ದಿದ್ದವು. ವಕೀಲರು ಹಿಂದಿನ ಗಾಲಿಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹಸಿರು ಬಳ್ಳಿಯೊಂದನ್ನು ಎತ್ತಿ ಹಿಡಿದರು.

“ಇದೇನು?”

“ಹುರಳಿ ರಿ.”

“ಯಾರು ಬಿತ್ತಿದ್ರು?”

ನಾನೂ ಬಗ್ಗಿ ನೋಡಿದೆ. ಅಂಗಳದಲ್ಲಿ ಬೇರೆಲ್ಲೂ ಇಲ್ಲದ ಹುರಳಿ ನನ್ನ ಲಾರಿಯ ಕೆಳಗೆ, ಗಾಲಿಗಳ ಸುತ್ತ ಮಾತ್ರ ಹಬ್ಬಿತ್ತು. ಆ ದಿನ ಗಾಲಿಗೂ ಶಾಫ್ಟಿಗೂ ಸುತ್ತಿಕೊಂಡ ಬಳ್ಳಿಯಿಂದ ಉದುರಿದ ಕಾಳು ಮಳೆಗೆ ಹುಟ್ಟಿದ್ದವು.

“ಬಾಯಿ ಮುಚ್ಕೊಂಡಿರು. ಮುಂದಿನ ತಾರೀಖಿನ ತನಕ ಆಡು ಮೇಯದಂಗ ಕಾಯಿ” ಎಂದರು. ದಿನಾ ಹೋಗಿ ಠಾಣೆಯ ಬೇಲಿಯ ಹತ್ತಿರ ಕೂತು ಆಡು ಓಡಿಸಿದೆ. “ಪಾಪ, ಲಾರಿ ಮ್ಯಾಲ ಎಷ್ಟು ಜೀವ ನೋಡು” ಎಂದು ಪೇದೆಗಳು ಮರುಗುತ್ತಿದ್ದರು. ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು.

ಮುಂದಿನ ತಾರೀಖಿಗೆ ಸಬ್ ಇನ್ಸ್‌ಪೆಕ್ಟರು ಕಟಕಟೆಗೆ ಬಂದರು. ವಕೀಲರು ಬಹಳ ಮರ್ಯಾದೆಯಿಂದ ಕೇಳಿದರು.

“ಹರಪನಹಳ್ಳಿಯಿಂದ ಆ ತಿರುವಿಗೆ ಬರುವ ತನಕ ಅವತ್ತು ರಸ್ತೆಯ ಮೇಲೆ ಬೇರೆಲ್ಲೂ ಹುರಳಿ ಹಾಕಿರಲಿಲ್ಲ?”

“ಎಲ್ಲೂ ಇರಲಿಲ್ಲ. ನಾನೇ ಅವತ್ತು ಆ ದಾರಿಯಲ್ಲಿ ಹೋಗಿದ್ದೇನೆ.”

“ಲಾರಿ ಅವತ್ತಿನಿಂದ ನಿಮ್ಮ ಅಂಗಳ ಬಿಟ್ಟು ಕದಲಿಲ್ಲ?”

“ಕದಲಿಲ್ಲ.”

“ನಿಮ್ಮ ಅಂಗಳದಲ್ಲಿ ಯಾರಾದರೂ ಒಕ್ಕಲುತನ ಮಾಡುತ್ತಾರೆಯೇ?”

ಕೋರ್ಟು ನಕ್ಕಿತು. “ಇಲ್ಲ” ಎಂದರು ಅವರು. ಆಗ ವಕೀಲರು ಮ್ಯಾಜಿಸ್ಟ್ರೇಟರ ಕಡೆ ತಿರುಗಿ, “ಹಾಗಾದರೆ ಸ್ವಾಮಿಯವರು ಒಮ್ಮೆ ಬಂದು ಆ ಬೆಳೆ ನೋಡಬೇಕು” ಎಂದರು.

ಮ್ಯಾಜಿಸ್ಟ್ರೇಟರು ನಡೆದೇ ಬಂದರು. ಅವರ ಹಿಂದೆ ಅರ್ಧ ಕೋರ್ಟು ಬಂತು. ಮೆಕ್ಯಾನಿಕ್ಕನೊಬ್ಬ ಲಾರಿಯ ಕೆಳಗೆ ತೆವಳಿ, ಶಾಫ್ಟಿಗೆ ಬಿಗಿದುಕೊಂಡಿದ್ದ ಒಣಬಳ್ಳಿಯನ್ನು ಬಿಚ್ಚಿ ಬಿಚ್ಚಿ ಹೊರಗೆ ಹಾಕಿದ. ಅದೊಂದು ಹೊರೆಯೇ ಆಯಿತು. ಮ್ಯಾಜಿಸ್ಟ್ರೇಟರು ಒಂದು ಒಣಕಾಯನ್ನು ಅಂಗೈಯಲ್ಲಿ ತಿಕ್ಕಿದರು. ನಾಲ್ಕು ಕಾಳು ಉಳಿದವು. ದಾರಿಯಲ್ಲಿ ಬೇರೆಲ್ಲೂ ಇಲ್ಲದ ಹುರಳಿ ಗಾಲಿಗೆ ಸುತ್ತಿಕೊಂಡದ್ದು ಆ ತಿರುವಿನಲ್ಲೇ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಬ್ ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಸತ್ತವನದೂ ತಪ್ಪಿಲ್ಲ ಸ್ವಾಮಿ” ಎಂದರು ವಕೀಲರು ಕೊನೆಯ ವಾದದಲ್ಲಿ. “ಇಡೀ ತಾಲ್ಲೂಕು ಮಾಡುವುದನ್ನೇ ಅವನೂ ಮಾಡಿದ.”

ನಾನು ನಿರ್ದೋಷಿ ಎಂದು ತೀರ್ಪಾಯಿತು. ಓದಿ ಮುಗಿಸುವ ಮೊದಲೇ ನನ್ನ ಕಣ್ಣಲ್ಲಿ ನೀರು. ಹೊರಗೆ ಲಾರಿ ಸ್ಟ್ಯಾಂಡಿನ ಗೆಳೆಯರು ಚೆಂಡುಹೂವಿನ ಹಾರ, ಪಟಾಕಿ ಸರ ಹಿಡಿದು ನಿಂತಿದ್ದರು. ಹಾರ ಹಾಕಲು ಬಿಟ್ಟ ವಕೀಲರು ಪಟಾಕಿಯನ್ನು ಮಾತ್ರ ಕಿತ್ತುಕೊಂಡರು.

“ಗೆದ್ದೀವಿ, ಕುಣಿರಿ, ಬ್ಯಾಡ ಅನ್ನಂಗಿಲ್ಲ. ಇದನ್ನ ನಿಮ್ಮ ಓಣ್ಯಾಗ ಹಚ್ಚಿರಿ. ಆ ಹೆಣ್ಣುಮಗಳು ಇನ್ನೂ ಅಲ್ಲಿ ಬಸ್ಸಿಗೆ ಕಾಯಾಕತ್ಯಾಳ.”

ಓಣಿಯಲ್ಲಿ ಹಚ್ಚಿದೆವು. ನಮ್ಮವ್ವ ಹೋಳಿಗೆ ಮಾಡಿ ಕಂಡಕಂಡವರನ್ನೆಲ್ಲ ಕರೆದು ಉಣಿಸಿದಳು. ಅಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ, ನನ್ನ ಹೆಂಡತಿ ಇದನ್ನು ಓದಿದರೂ ಚಿಂತೆಯಿಲ್ಲ.

ವಕೀಲರು ತೀರಿಕೊಂಡಾಗ ನಾನು ಮುಂಬಯಿ ದಾರಿಯಲ್ಲಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಅವರನ್ನು ಕೊನೆಗೆ ಕಂಡದ್ದು ತೀರ್ಪಾಗಿ ಹದಿನೈದು ದಿನಕ್ಕೆ. ಬೇರೊಬ್ಬ ಮಾಲೀಕ ಓಡಿಸಲು ತನ್ನ ಲಾರಿ ಕೊಟ್ಟಿದ್ದ. ಮೊದಲ ಟ್ರಿಪ್ಪೇ ಹಡಗಲಿಗೆ. ಸ್ಟ್ಯಾಂಡಿನಲ್ಲಿ ಮೂರು ಸಲ ಕ್ಯಾಬಿನ್ನು ಹತ್ತಿ ಮೂರು ಸಲ ಇಳಿದೆ. ಹಡಗಲಿಗೆ ಹೋಗಬೇಕಾದರೆ ಆ ತಿರುವು ದಾಟಲೇಬೇಕಿತ್ತು. ಬೇರೆ ಡ್ರೈವರನ್ನು ಕರೆಯಿರಿ ಎಂದು ಹೇಳಿ ಕಳಿಸಬೇಕೆನ್ನುವಾಗ ಕರಿ ಕೋಟು ತೊಟ್ಟು, ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ವಕೀಲರು ದಡಬಡ ಬಂದರು.

“ಹಡಗಲಿ ಕೋರ್ಟಿನಾಗ ಹನ್ನೊಂದಕ್ಕ ಕೇಸೈತಿ, ಬಸ್ಸು ತಪ್ಪಿತು. ನಡಿಯಪ್ಪ ಲಗೂನ” ಎಂದು ನನ್ನ ಪಕ್ಕ ಹತ್ತಿ ಕೂತೇಬಿಟ್ಟರು.

ಅವರಿಗೆ ಆಗುವುದಿಲ್ಲ ಎನ್ನುವುದು ಹೇಗೆ? ಹೊರಟೆ. ದಾರಿಯುದ್ದಕ್ಕೂ ತಮ್ಮ ಎತ್ತಿನ ಪುರಾಣ ಹೇಳಿದರು. ಆ ತಿರುವು ಬಂದಾಗಲೂ ನಿಲ್ಲಿಸಲಿಲ್ಲ; ನನ್ನ ಕಡೆ ನೋಡಲೂ ಇಲ್ಲ. ತಿರುವು ದಾಟಿ ಒಂದು ಮೈಲಿಯಾದ ಮೇಲೆ ನಾನೂ ಆ ಎತ್ತಿನ ಬಗ್ಗೆ ಒಂದು ಮಾತು ಕೇಳಿದೆ. ಹಡಗಲಿಯಲ್ಲಿ ಇಳಿದು, “ಚೊಲೋ ಹೊಡಿತೀಯಪ್ಪ” ಎಂದು ಹೇಳಿ ಕಾಗದದ ಕಟ್ಟು ಹಿಡಿದು ನಡೆದರು.

ಲೋಡು ತುಂಬಿಸಿ, ಅವರ ಕೇಸು ಮುಗಿದಿದ್ದರೆ ವಾಪಸು ಕರೆದುಕೊಂಡು ಹೋಗೋಣವೆಂದು ಕೋರ್ಟಿನ ಮುಂದೆ ನಿಲ್ಲಿಸಿದೆ. ಗೇಟಿಗೆ ಬೀಗ ಹಾಕಿತ್ತು. ಎದುರಿನ ಚಹದಂಗಡಿಯವನನ್ನು ಕೇಳಿದೆ.

“ಇವತ್ತು ರವಿವಾರ ಅಲ್ಲೇನ್ರಿ, ಯಾವ ಕೋರ್ಟು?” ಎಂದ ಅವನು. “ಕರಿ ಕೋಟಿನ ಯಜಮಾನ್ರು ಬೆಳಿಗ್ಗೆ ಇಲ್ಲೇ ಚಹಾ ಕುಡಿದ್ರು. ಕುಡಿದವ್ರೇ ಹರಪನಹಳ್ಳಿ ಬಸ್ಸು ಹತ್ತಿದ್ರು.”

ನಾನು ಲಾರಿ ಹತ್ತಿದೆ. ಆ ತಿರುವು ದಾಟಿಕೊಂಡು ಒಬ್ಬನೇ ಊರಿಗೆ ಬಂದೆ.