ಸ್ಟುಡಿಯೋದಿಂದ ಒಳಕೋಣೆಗೆ ಎಳೆದ ತಂತಿ

ಬ್ಯಾಡಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಗಂಡನ ಫೋಟೋ ಸ್ಟುಡಿಯೋ. ಡಿಜಿಟಲ್ ಕ್ಯಾಮೆರಾ ಬಂದ ಹೊಸತು. ಸ್ಟುಡಿಯೋದಲ್ಲಿ ಒಂದು ಕಂಪ್ಯೂಟರ್, ಒಳಕೋಣೆಯಲ್ಲಿ ನನ್ನದೊಂದು. ಫೋಟೋ ಹೊಡೆಯುವುದು ಅವರು. ತಿದ್ದಿ, ಬಣ್ಣ ಸರಿಪಡಿಸಿ, ಆಲ್ಬಮ್ ಜೋಡಿಸುವುದು ನಾನು. ಗಿರಾಕಿಗಳು ತಂದ ಸಿಡಿಯಿಂದ ವೈರಸ್ ಹೊಕ್ಕು ಒಂದು ಮದುವೆಯ ಫೋಟೋಗಳೆಲ್ಲ ಹಾಳಾದವು. ಆಮೇಲೆ ಹಾವೇರಿಯ ತವರಿಗೆ ಹೋದಾಗ ವೈರಸ್ ಕಾಟ ಕಡಿಮೆಯಿರುವ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಸಿಡಿಯೊಂದನ್ನು ಹುಡುಕಿ ತಂದು, ಎರಡೂ ಕಂಪ್ಯೂಟರಿಗೆ ನಾನೇ ಹಾಕಿದೆ.

ಆದರೂ ಫೋಟೋಗಳನ್ನು ಸಿಡಿಗೆ ತುಂಬಿ ಒಳಗೆ ತರುವ, ತಿದ್ದಿ ಮತ್ತೆ ಹೊರಗೆ ಒಯ್ಯುವ ಕಾಟ ತಪ್ಪಲಿಲ್ಲ. ನಡುವೆ ತಂತಿ ಎಳೆದು, ಸ್ಟುಡಿಯೋದ ಫೋಲ್ಡರ್ ನನ್ನ ಪರದೆಯಲ್ಲೇ ತೆರೆಯುವಂತೆ ಮಾಡುತ್ತೇನೆ ಎಂದೆ. ಗಂಡ ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ರಾಣೆಬೆನ್ನೂರಿನಿಂದ ಮೆಕ್ಯಾನಿಕ್ ಒಬ್ಬನನ್ನು ಕರೆಸಿದರು.

ಅವನು ಕಿಟಕಿಯ ಸಂದಿಯಿಂದ ತಂತಿ ಎಳೆದ. ಪರದೆಯ ಮೇಲೆ ಲಿನಕ್ಸ್ ಕಂಡು ಮುಖ ಸಿಂಡರಿಸಿದ. "ಇದರಾಗ ಆಗೂದಿಲ್ರಿ ಸಾಹೇಬ್ರ. ಎಲ್ಲಾ ಅಳಿಸಿ ಮೊದಲಿಂದ ಹಾಕ್ತೇನಿ."

"ಯಾಕ ಆಗೂದಿಲ್ಲ?" ಎಂದು ನಾನು ಕೇಳಿದೆ. ಪ್ರಶ್ನೆ ನನ್ನದು, ಅವನು ಉತ್ತರ ಕೊಟ್ಟದ್ದು ಗಂಡನ ಮುಖ ನೋಡಿ. ಮತ್ತೊಮ್ಮೆ ಕೇಳಿದ್ದಕ್ಕೆ, "ಅಕ್ಕಾರ, ಇದು ನಿಮಗ ತಿಳಿಯೂದಲ್ಲ ಬಿಡ್ರಿ. ಒಂದೀಟು ಚಾ ಮಾಡ್ರಿ" ಎಂದ.

ಮೈ ಉರಿದುಹೋಯಿತು. ನನ್ನ ಕಂಪ್ಯೂಟರಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತೆ. "ಅಳಸೂದು ಹೆಂಗ ಅಳಸ್ತೀರಿ, ನೋಡ್ತೇನಿ." ಅವನು ಚೀಲ ಎತ್ತಿಕೊಂಡು ಹೊರಟುಹೋದ. ಚಹಾ ನಾನು ಮಾಡಲಿಲ್ಲ.

ಆ ವಾರವೆಲ್ಲ ಮಧ್ಯಾಹ್ನ ಸ್ಟುಡಿಯೋ ಮುಚ್ಚಿದಾಗ ಕುಳಿತೆ. ಯಾವ ಫೋಲ್ಡರನ್ನು ಯಾವ ಕಂಪ್ಯೂಟರಿಗೆ ಬಿಟ್ಟುಕೊಡಬೇಕು ಎಂದು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಬರೆದೆ. ನನ್ನದರಲ್ಲಿ ಆ ಫೋಲ್ಡರನ್ನು ಜೋಡಿಸಿಕೊಂಡೆ. ಫೋಟೋ ತೆರೆಯಿತು, ತಿದ್ದಿ ಉಳಿಸಲು ಹೋದರೆ ಅನುಮತಿ ಇಲ್ಲ ಎಂದಿತು. ಬಳಕೆದಾರರ ಹೆಸರು ಎರಡೂ ಕಡೆ ಒಂದೇ ಇತ್ತಲ್ಲ! ಕೊನೆಗೆ ತಿಳಿಯಿತು: ಕಂಪ್ಯೂಟರ್ ಬಳಕೆದಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ಒಳಗಿನ ಒಂದು ಸಂಖ್ಯೆಯಿಂದ, ಆ ಸಂಖ್ಯೆ ಎರಡು ಕಡೆ ಬೇರೆಬೇರೆ ಇತ್ತು. ಒಂದೇ ಮಾಡಿದೆ. ಫೋಟೋ ಉಳಿಯಿತು. ಒಬ್ಬಳೇ ಕುಳಿತು ನಕ್ಕೆ.

ಮೋಟೆಬೆನ್ನೂರಿನ ಹಿರಿಯರೊಬ್ಬರು ಮಗಳ ಮದುವೆಯ ಫೋಟೋ ನೋಡಲು ಬಂದರು. ನಾನು ಒಳಗೆ ತಿದ್ದಿದ್ದು ಹೊರಗಿನ ಪರದೆಯಲ್ಲಿ ಮೂಡಿದ್ದು ಕಂಡು, "ಭಾರೀ ಐತಲ್ರಿ ಇದು! ಯಾರು ಮಾಡಿದ್ರು?" ಎಂದು ಕೇಳಿದರು.

"ರಾಣೆಬೆನ್ನೂರಿನ ಮೆಕ್ಯಾನಿಕ್ ಮಾಡಿಕೊಟ್ಟು ಹೋಗ್ಯಾನ್ರಿ" ಎಂದರು ನನ್ನ ಗಂಡ.

ನಾನು ಬಾಗಿಲಿಗೆ ಬಂದು ನಿಂತೆ. "ಖರೇ ಹೇಳ್ರಿ."

ಅವರು ಹುಳ್ಳಗೆ ನಕ್ಕರು. "ಅಕೀನೂ ಸ್ವಲ್ಪ ಕೈ ಹಚ್ಚ್ಯಾಳ್ರಿ."

ಆ 'ಸ್ವಲ್ಪ' ಎಂಬ ಮಾತು ಸುಳ್ಳಿಗಿಂತ ಹೆಚ್ಚು ಚುಚ್ಚಿತು. ಗಿರಾಕಿ ಹೋದ ಮೇಲೆ ಎರಡು ಕಂಪ್ಯೂಟರುಗಳ ನಡುವಿನ ಫೋಲ್ಡರ್ ಹಂಚಿಕೆಯನ್ನು ತೆಗೆದುಹಾಕಿದೆ. "ಕರಸ್ರಿ ನಿಮ್ಮ ಮೆಕ್ಯಾನಿಕ್‌ನ. ಅವನೇ ಹಚ್ಚಲಿ."

ಫೋನ್ ಮಾಡಿದರು. ಎಲ್ಲಾ ಅಳಿಸಬೇಕು ಎಂಬ ಹಳೆಯ ರಾಗವನ್ನೇ ಅವನು ಎಳೆದ. ಗಂಡ ಮತ್ತೆ ಸಿಡಿ ಹಿಡಿದು ಓಡಾಡತೊಡಗಿದರು. ಸಿಡಿ ಕೆಟ್ಟಾಗಲೆಲ್ಲ ನನ್ನತ್ತ ನೋಡುವರು. ನಾನು ತಲೆ ಎತ್ತಲಿಲ್ಲ. ಕೊನೆಗೊಂದು ದಿನ ಬಂದು ಪಕ್ಕದಲ್ಲಿ ಕುಳಿತರು. "ನಿನ್ನಂಗ ಯಾರಿಗೂ ಬರೂದಿಲ್ಲ, ಮಾಡಿಬಿಡು."

"ನನಗ ಹೇಳಿ ಏನ್ ಮಾಡೂದೈತಿ? ಮಂದಿ ಮುಂದ ಹೇಳ್ರಿ" ಎಂದೆ. ಮೊದಲು ಸ್ಟುಡಿಯೋದಲ್ಲಿ, ಆಮೇಲೆ ನನ್ನ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಫೋಲ್ಡರ್ ಜೋಡಿಸುವ ಪ್ರತಿ ಸಾಲನ್ನೂ ಅವರ ಕೈಯಿಂದಲೇ ಟೈಪ್ ಮಾಡಿಸಿದೆ. ತಪ್ಪಿದಲ್ಲೆಲ್ಲ ಮೊದಲಿನಿಂದ ಬರೆಸಿದೆ. ಬೆವರಿ ಹೋದರು, ಆದರೆ ಫೋಲ್ಡರ್ ಮತ್ತೆ ತೆರೆಯಿತು.

ಮೋಟೆಬೆನ್ನೂರಿನವರು ಆಲ್ಬಮ್ ಒಯ್ಯಲು ಬಂದಾಗ ಗಂಡ ತಾವಾಗಿಯೇ ಹೇಳಿದರು: "ಅವತ್ತು ಸುಳ್ಳು ಹೇಳಿದ್ನಿರಿ. ಇದನ್ನ ಮಾಡಿದಾಕಿ ನನ್ನ ಹೆಂಡ್ತಿ."

"ಹೆಣ್ಮಕ್ಕಳಿಗೆ ಇದೆಲ್ಲಾ ತಿಳಿತೈತೇನ್ರಿ?" ಹಿರಿಯರು ಹುಬ್ಬೇರಿಸಿದರು.

"ನನಗ ತಿಳಿಯೂದಿಲ್ರಿ. ಅಕಿಗೆ ತಿಳಿತೈತಿ."

ಅಂದು ಗಂಡನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಆ ಹಿರಿಯರ ಹುಬ್ಬಿನ ಕಡೆ ತಿರುಗಿತು.